ವಾಲಿಬಾಲ್, ನೆಟ್, ಪಂಪ್: ಎರಡು ವರ್ಷ ಆಡಿದ ಮೇಲೆ

ಬಾಲ್ ಮನೆಗೆ ಬಂದ ಮರುದಿನವೇ ವಿಮರ್ಶೆ ಬರೆಯಬಹುದಿತ್ತು. ಬರೆಯಲಿಲ್ಲ. ಆಟದ ಸಾಮಾನು ಹೇಗಿದೆ ಅಂತ ಗೊತ್ತಾಗಬೇಕಾದರೆ ಅದು ಒಂದು ಮಳೆಗಾಲ, ಒಂದು ಬೇಸಿಗೆ ಕಂಡಿರಬೇಕು. ನಮ್ಮದು ಎರಡೆರಡು ಕಂಡಿದೆ. ಸುಮಾರು ಮೂವತ್ತು ಜನರ ಕೈಯ ಏಟು ತಿಂದಿದೆ. ಈಗ ಬರೆಯುತ್ತೇನೆ.

ನಾನು ಕೊಂಡದ್ದು ಮೂರು ವಸ್ತು. ಒಂದು ವಾಲಿಬಾಲ್, ಒಂದು ನೆಟ್, ಒಂದು ಕೈ ಪಂಪ್. ಮೊದಲು ಕೊಂಡ ಇನ್ನೊಂದು ಬಾಲನ್ನು ಸೇರಿಸಿದರೆ ನಾಲ್ಕು. ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದೇ ಥರದ ಬಾಲನ್ನು ಹಲವರು ಮಾಡುತ್ತಾರೆ. ಏನು ನೋಡಿ ಕೊಳ್ಳಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಆ ಮೊದಲನೆಯದರ ಕಥೆ ಬೇಗ ಮುಗಿಸುತ್ತೇನೆ. ಮಗಳು ಆಗ ಒಂಬತ್ತನೇ ಕ್ಲಾಸು. ಶಾಲೆಯ ತಂಡಕ್ಕೆ ಸೇರಿಸಿಕೊಂಡಿದ್ದರು, ಮನೆಯಲ್ಲೂ ಅಭ್ಯಾಸ ಮಾಡು ಅಂದಿದ್ದರು. ಫೋಟೊ ಚೆನ್ನಾಗಿತ್ತು ಅಂತ ಆನ್‌ಲೈನ್‌ನಲ್ಲಿ ಒಂದು ಬಾಲ್ ತರಿಸಿದೆ. ಪ್ಲಾಸ್ಟಿಕ್‌ನಂತೆ ಹೊಳೆಯುವ ಮೈ, ಒರಟು ಹೊಲಿಗೆ. ಎರಡು ದಿನ ಅಂಡರ್‌ಹ್ಯಾಂಡ್, ಅಂದರೆ ಕೈ ಜೋಡಿಸಿ ಮುಂಗೈಯಿಂದ ಬಾಲ್ ಎತ್ತುವುದು, ಮಾಡಿದ್ದಕ್ಕೆ ಅವಳ ಮುಂಗೈ ತುಂಬ ಕೆಂಪು ಚುಕ್ಕೆ ಎದ್ದವು. ಅಡುಗೆಮನೆಯ ತಕ್ಕಡಿ ಮೇಲಿಟ್ಟು ನೋಡಿದೆ. 318 ಗ್ರಾಂ. ನಿಯಮದ ಪ್ರಕಾರ ವಾಲಿಬಾಲ್ ತೂಕ 260ರಿಂದ 280 ಗ್ರಾಂ ಒಳಗಿರಬೇಕು. ನಲವತ್ತು ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಅದು ದಿನಕ್ಕೆ ಇನ್ನೂರು ಸಲ ತೋಳಿಗೆ ಬಡಿಯುವ ವಸ್ತು. ವಾಪಸ್ ತೆಗೆದುಕೊಳ್ಳಿ ಅಂತ ಮಾರಿದವರಿಗೆ ಬರೆದೆ. ಗಾಳಿ ತುಂಬಿದ ಬಾಲ್ ವಾಪಸ್ ಇಲ್ಲ ಅಂದರು. ಗಾಳಿ ತುಂಬದೆ ಬಾಲ್ ಹೇಗಿದೆ ಅಂತ ತಿಳಿಯುವುದು ಹೇಗೆ? ಅದಕ್ಕೆ ಉತ್ತರ ಬರಲಿಲ್ಲ. ಮಕ್ಕಳ ಕೈಗೆ ಭಾರದ ಬಾಲ್ ಕೊಟ್ಟರೆ ಅವರಿಗೆ ಆಟ ಅಂದರೆ ನೋವು ಅಂತಲೇ ಮನಸ್ಸಿಗೆ ಕೂರುತ್ತದೆ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಎರಡನೇ ಬಾಲನ್ನು ಅಂಗಡಿಗೇ ಹೋಗಿ ತಂದೆ. ಬಟ್ಟೆ ಅಳೆಯುವ ಟೇಪು ಜೊತೆಗೆ ಒಯ್ದಿದ್ದೆ. ಐದನೇ ನಂಬರಿನ ಬಾಲ್, ಸುತ್ತಳತೆ 66 ಸೆಂಟಿಮೀಟರ್. ನಿಯಮ ಹೇಳುವುದು 65ರಿಂದ 67. ಮನೆಗೆ ಬಂದು ತೂಗಿದೆ, 271 ಗ್ರಾಂ. ಇದರಲ್ಲಿ ಹೊಲಿಗೆ ಇಲ್ಲ, ಪ್ಯಾನೆಲ್‌ಗಳನ್ನು ಅಂಟಿಸಿದ್ದಾರೆ. ಮೈ ಮೃದು, ಸ್ವಲ್ಪ ಮಂದ ಬಣ್ಣ, ಬೆವರು ಕೈಯಲ್ಲೂ ಜಾರುವುದಿಲ್ಲ. ಒಳಗಿನ ಬ್ಲಾಡರ್, ಅಂದರೆ ಗಾಳಿ ಚೀಲ, ಬ್ಯುಟೈಲ್ ರಬ್ಬರಿನದು. ಲೇಟೆಕ್ಸ್ ಬ್ಲಾಡರ್‌ಗಿಂತ ಬ್ಯುಟೈಲ್ ಗಾಳಿಯನ್ನು ಜಾಸ್ತಿ ದಿನ ಹಿಡಿದಿಡುತ್ತದೆ. ನಾವು ಮೊದಲ ವರ್ಷ ಎರಡು ವಾರಕ್ಕೊಮ್ಮೆ ನಾಲ್ಕೈದು ಸಲ ಪಂಪ್ ಒತ್ತಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಪಂಪ್ ವಿಷಯ ಬಂತು, ಇಲ್ಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಮಾಡುವ ತಪ್ಪು ಫುಟ್‌ಬಾಲ್‌ಗೆ ತುಂಬಿದಂತೆ ವಾಲಿಬಾಲ್‌ಗೆ ಗಾಳಿ ತುಂಬುವುದು. ವಾಲಿಬಾಲ್‌ಗೆ ಬೇಕಾದ ಒತ್ತಡ ಒಂದು ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋ, ಅಷ್ಟೇ. ಫುಟ್‌ಬಾಲ್‌ಗೆ ಕಡಿಮೆ ಅಂದರೂ ಇದರ ಸುಮಾರು ಎರಡರಷ್ಟು ಬೇಕು. ನನ್ನ ಪಂಪಿನಲ್ಲಿ ಮೀಟರ್ ಇಲ್ಲ, ಅದು ಅದರ ಕೊರತೆ. ಎರಡೂ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಮೈ ಸ್ವಲ್ಪ ಒಳಗೆ ಹೋಗಬೇಕು, ಬೆರಳು ತೆಗೆದ ಕೂಡಲೇ ಎದ್ದು ಬರಬೇಕು. ನಾವು ನೋಡುವುದು ಹಾಗೆ. ಸೂಜಿಯನ್ನು ನೀರಲ್ಲಿ ಅದ್ದಿ ಹಾಕಿ. ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿಯಬಹುದು.

ಇನ್ನು ಬಾಲ್ ಏನು ಮಾಡಿತು ಅಂತ ಹೇಳಬೇಕು.

ಒಂದು ಸಂಜೆ ಮಗಳು ಗೋಡೆಗೆ ಬಾಲ್ ಹೊಡೆಯುತ್ತ ನಿಂತಿದ್ದಳು. ಮುಖ ಸಪ್ಪಗಿತ್ತು. "ಯಾರಾದ್ರೂ ಲಿಫ್ಟ್ ಹಾಕಿದ್ರೆ ತಾನೆ ಅಮ್ಮ ಸ್ಮ್ಯಾಶ್ ಹೊಡೆಯೋದು? ಗೋಡೆ ಲಿಫ್ಟ್ ಹಾಕಲ್ಲ" ಅಂದಳು. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. "ಇಲ್ಲಿ ಕೊಡು, ನಾನು ಹಾಕ್ತೀನಿ" ಅಂದೆ. ಅವಳು ಬಾಲನ್ನು ಮೆಲ್ಲಗೆ, ಮಗುವಿಗೆ ಎಸೆಯುವ ಹಾಗೆ ಎಸೆದಳು. ಹಣೆಯ ಮೇಲೆ ಹತ್ತು ಬೆರಳು ತಾವಾಗಿಯೇ ಬಿಚ್ಚಿಕೊಂಡವು. ಬಾಲ್ ಒಂದು ಕ್ಷಣ ಕೂತು, ತಿರುಗದೆ, ನೇರ ಮೇಲೆ ಹೋಯಿತು. ಅವಳು ಹೊಡೆಯಲಿಲ್ಲ. ಸುಮ್ನೆ ನಿಂತು ನನ್ನನ್ನೇ ನೋಡಿದಳು. "ಅಮ್ಮ, ನಿಂಗೆ ಇದು ಬರುತ್ತಾ?"

ಬರುತ್ತದೆ. ಹದಿನೇಳನೇ ವಯಸ್ಸಿನ ತನಕ ನಾನು ಶಾಲೆ ತಂಡದ ಲಿಫ್ಟರ್, ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಬಾಲ್ ಎತ್ತಿಕೊಡುವವಳು, ಆಗಿದ್ದೆ. ಮೂರು ವರ್ಷ ಆಡಿದ್ದೆ. ಆಮೇಲೆ ಬಿಟ್ಟೆ ಅನ್ನುವುದು ಸರಿಯಲ್ಲ, ಆಡಲು ಜಾಗವೇ ಇರಲಿಲ್ಲ. ನನ್ನ ಜೊತೆಯ ಹುಡುಗರು ಶಾಲೆ ಮುಗಿದ ಮೇಲೂ ಸಂಜೆ ಗ್ರೌಂಡಿಗೆ ಹೋಗುತ್ತಿದ್ದರು. ನಮ್ಮ ಆಟ ಶಾಲೆಯ ಗೇಟಿನ ತನಕ. ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲೂ ಇಲ್ಲ. ಇಪ್ಪತ್ತೆಂಟು ವರ್ಷ ಹಾಗೇ ಹೋಯಿತು. ಹೆತ್ತ ಮಗಳಿಗೂ ಅದನ್ನು ಹೇಳಿರಲಿಲ್ಲ ಅಂದರೆ ನೋಡಿ, ನಾನೇ ಅದನ್ನು ಎಷ್ಟು ಒಳಗೆ ಇಟ್ಟುಬಿಟ್ಟಿದ್ದೆ.

ಅವತ್ತಿಂದ ದಿನಾ ನಲವತ್ತು ನಿಮಿಷ. ನಾನು ಲಿಫ್ಟ್ ಹಾಕುವುದು, ಅವಳು ಹೊಡೆಯುವುದು. ಬಾಲ್ ಒಳ್ಳೆಯದೋ ಕೆಟ್ಟದ್ದೋ ಅಂತ ಲಿಫ್ಟರ್ ಬೆರಳಿಗೆ ಬೇಗ ಗೊತ್ತಾಗುತ್ತದೆ. ಮೈ ಒರಟಾಗಿದ್ದರೆ ಒಂದು ಬೆರಳಿಗೆ ಮೊದಲು ಅಂಟುತ್ತದೆ, ಬಾಲ್ ತಿರುಗುತ್ತ ಹೋಗುತ್ತದೆ. ಇದು ಹಾಗಲ್ಲ. ಹತ್ತೂ ಬೆರಳಿಗೆ ಒಟ್ಟಿಗೆ ಬಂದು ಒಟ್ಟಿಗೆ ಬಿಡುತ್ತದೆ. ಈ ಒಂದು ಗುಣಕ್ಕೇ ನಾನು ಇದನ್ನು ಯಾರಿಗೆ ಬೇಕಾದರೂ ಕೊಳ್ಳಿ ಅನ್ನುತ್ತೇನೆ.

ಮೈ ಬಿಸಿಯಾಗಲು ಮೊದಲು ಇಬ್ಬರೂ ಎದುರುಬದುರು ನಿಂತು ಪಾಸ್ ಎಣಿಸುತ್ತಿದ್ದೆವು. ಐವತ್ತು ತಪ್ಪದೆ ಆಗಬೇಕು. ಮುಖಾಮುಖಿ ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡದ ವಯಸ್ಸು ಅವಳದು. ನಡುವೆ ಬಾಲ್ ಇದ್ದಾಗ ಮಾತಾಡುತ್ತಿದ್ದಳು. ಕಣ್ಣು ಬಾಲಿನ ಮೇಲೆ ಇರುತ್ತಲ್ಲ, ನನ್ನ ಮುಖ ನೋಡಬೇಕಾಗಿರಲಿಲ್ಲ. ಒಂದು ದಿನ ಮೂವತ್ತೊಂದನೇ ಪಾಸಿಗೆ ಗಣಿತದಲ್ಲಿ ಫೇಲಾಗಿದ್ದೇನೆ ಅಂದಳು. ನಾನು ಮೂವತ್ತೆರಡು ಅಂತ ಎಣಿಸಿ ಬಾಲ್ ವಾಪಸ್ ಕೊಟ್ಟೆ. ಐವತ್ತು ಆಯಿತು. ಆಮೇಲೆ ಮನೆಗೆ ಬಂದು ಉತ್ತರಪತ್ರಿಕೆ ತೋರಿಸಿದಳು. ಆಟದಿಂದ ಮಕ್ಕಳಿಗೆ ಶಿಸ್ತು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬರಬಹುದು. ನಮ್ಮ ಮನೆಗೆ ಬಂದದ್ದು ಮಾತು.

ನಮ್ಮಿಬ್ಬರ ನಡುವೆ ಒಂದು ಜಗಳವೂ ಆಯಿತು, ಪಾಯಿಂಟಿನ ವಿಷಯಕ್ಕೆ. ನಾನು ಆಡುವಾಗ ಸರ್ವಿಸ್ ಮಾಡಿದವರಿಗೆ ಮಾತ್ರ ಪಾಯಿಂಟ್, ಗೇಮು ಹದಿನೈದಕ್ಕೆ. ಈಗ ಯಾರು ಸರ್ವಿಸ್ ಮಾಡಿದರೂ ಪ್ರತಿ ರ‍್ಯಾಲಿಗೂ ಪಾಯಿಂಟ್, ಗೇಮು ಇಪ್ಪತ್ತೈದಕ್ಕೆ. ನಿಯಮ ಬದಲಾದದ್ದು 1990ರ ದಶಕದ ಕೊನೆಯಲ್ಲಿ, ನಾನು ಬಿಟ್ಟ ಮೇಲೆ. ಸರ್ವಿಸ್ ನೆಟ್ ತಾಗಿ ಆಚೆ ಬಿದ್ದರೂ ಈಗ ಆಟ ನಿಲ್ಲುವುದಿಲ್ಲ. ಕಾಲಿಗೆ ತಾಗಿದರೂ ತಪ್ಪಲ್ಲ. ಇವೆಲ್ಲ ನನಗೆ ಹೇಳಿಕೊಟ್ಟವಳು ಮಗಳು.

ಬೀದಿ ಚಿಕ್ಕದು. ಬಾಲ್ ಪದೇ ಪದೇ ಪಕ್ಕದ ಮನೆಯ ತಾರಸಿ ಸೇರುತ್ತಿತ್ತು. ಆ ಮನೆಯವರು ಎರಡು ಸಲ ಸುಮ್ಮನೆ ಕೊಟ್ಟರು, ಮೂರನೇ ಸಲ ಬೇಸರ ಮಾಡಿಕೊಂಡರು. ಅವರ ತಪ್ಪಲ್ಲ. ನಾವು ಬೀದಿ ಕೊನೆಯ ಖಾಲಿ ಜಾಗಕ್ಕೆ ಹೋದೆವು. ಅಲ್ಲಿಗೆ ಮೊದಲು ಬಂದವರು ಸೈಕಲ್ ಮೇಲೆ ಸುತ್ತುತ್ತಿದ್ದ ಇಬ್ಬರು ಹುಡುಗರು. ಆಮೇಲೆ ರಾತ್ರಿ ಪಾಳಿಗೆ ಹೋಗುವ ಮುಂಚೆ ಒಂದು ಗಂಟೆ ಬಿಡುವಿದ್ದ ವಾಚ್‌ಮನ್. ಆಮೇಲೆ ಒಬ್ಬ ಟೈಲರ್, ಒಬ್ಬ ನರ್ಸ್, ನಿವೃತ್ತರಾದ ಪೋಸ್ಟ್‌ಮನ್ ಒಬ್ಬರು. ಪೋಸ್ಟ್‌ಮನ್ ಮಾವನಿಗೆ ಅರವತ್ತೆಂಟು. ಅವರ ಸರ್ವಿಸ್ ಈಗಲೂ ನಮ್ಮ ಹುಡುಗರಿಗೆ ಎತ್ತಲು ಕಷ್ಟ. ಮೂರು ತಿಂಗಳಲ್ಲಿ ದಿನಾ ಬರುವವರೇ ಹದಿನಾಲ್ಕು ಜನ ಆದರು.

ಆ ಹೊತ್ತಿಗೆ ನಾನು ಆ ಬೀದಿಗೆ ಬಂದು ಹನ್ನೊಂದು ವರ್ಷ ಆಗಿತ್ತು. ಹೆಸರು ಗೊತ್ತಿದ್ದದ್ದು ಮೂರು ಮನೆಯವರದ್ದು. ಗ್ರೌಂಡಿಗೆ ಹೋಗಿ ಒಂದು ವಾರದಲ್ಲಿ ಎಲ್ಲರ ಹೆಸರೂ ಗೊತ್ತಾಯಿತು. ಅದಕ್ಕೆ ಕಾರಣ ನಮ್ಮ ಒಳ್ಳೆಯತನ ಅಂತ ನಾನು ಹೇಳುವುದಿಲ್ಲ. ಕಾರಣ ಆಟದ ನಿಯಮ. ವಾಲಿಬಾಲ್‌ನಲ್ಲಿ ಬಾಲನ್ನು ಹಿಡಿದುಕೊಳ್ಳುವಂತಿಲ್ಲ. ಬ್ಲಾಕ್ ಮಾಡಿದ, ಅಂದರೆ ನೆಟ್ಟಿನ ಹತ್ತಿರ ಕೈ ಎತ್ತಿ ಎದುರಿನ ಹೊಡೆತ ತಡೆದ, ಮುಟ್ಟನ್ನು ಬಿಟ್ಟರೆ ಒಬ್ಬರೇ ಎರಡು ಸಲ ಸತತವಾಗಿ ಮುಟ್ಟುವಂತಿಲ್ಲ. ಮೂರು ಮುಟ್ಟಿನೊಳಗೆ ಆಚೆ ಕಳಿಸಬೇಕು. ಫುಟ್‌ಬಾಲ್‌ನಲ್ಲಿ ಚೆನ್ನಾಗಿ ಆಡುವವನು ಬಾಲ್ ಇಟ್ಟುಕೊಂಡು ಒಬ್ಬನೇ ಓಡಬಹುದು. ಇಲ್ಲಿ ಎಷ್ಟು ದೊಡ್ಡ ಆಟಗಾರನಾದರೂ ಬಾಲ್ ಇನ್ನೊಬ್ಬರಿಗೆ ಕೊಡಲೇಬೇಕು. ಕೊಡಬೇಕಾದರೆ ಕೂಗಬೇಕು. ಕೂಗಬೇಕಾದರೆ ಹೆಸರು ಬೇಕು. "ಏ ನೀಲಿ ಶರ್ಟು" ಅನ್ನುವಷ್ಟರಲ್ಲಿ ಬಾಲ್ ನೆಲ ಮುಟ್ಟಿರುತ್ತದೆ.

ಈ ಆಟವನ್ನು ಮಾಡಿದವರ ಕಥೆ ಓದಿದಾಗ ನನಗೆ ಇನ್ನೂ ಖುಷಿಯಾಯಿತು. 1895ರಲ್ಲಿ ಅಮೆರಿಕದ ಹೋಲ್ಯೋಕ್ ಅನ್ನುವ ಊರಿನ ವೈಎಂಸಿಎ ಅನ್ನುವ ಯುವಕರ ಕ್ರೈಸ್ತ ಸಂಘದಲ್ಲಿ ವಿಲಿಯಂ ಮಾರ್ಗನ್ ಅನ್ನುವ ದೈಹಿಕ ಶಿಕ್ಷಕರು ಇದನ್ನು ಶುರು ಮಾಡಿದರು. ಅದಕ್ಕೆ ನಾಲ್ಕು ವರ್ಷ ಮೊದಲು, ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿತ್ತು. ಆದರೆ ಆ ಓಟ, ಆ ಡಿಕ್ಕಿ ವಯಸ್ಸಾದ ಸದಸ್ಯರಿಗೆ ಜಾಸ್ತಿ ಆಗುತ್ತಿತ್ತು. ಮಾರ್ಗನ್ ಟೆನಿಸ್ ನೆಟ್ಟನ್ನು ಆರೂವರೆ ಅಡಿ ಎತ್ತರಕ್ಕೆ ಕಟ್ಟಿದರು. ಬ್ಯಾಸ್ಕೆಟ್‌ಬಾಲಿನ ಒಳಗಿನ ಬ್ಲಾಡರ್ ಹಾಕಿ ನೋಡಿದರು, ತೀರಾ ಹಗುರ. ಬ್ಯಾಸ್ಕೆಟ್‌ಬಾಲನ್ನೇ ಹಾಕಿ ನೋಡಿದರು, ತೀರಾ ಭಾರ. ಕೊನೆಗೆ ಬೇರೆಯೇ ಬಾಲ್ ಮಾಡಿಸಿದರು. ಅಂದರೆ ಈ ಆಟಕ್ಕೆ ಬೇರೆ ಬಾಲ್ ಬಂದದ್ದೇ ದಿನವಿಡೀ ಕೆಲಸ ಮಾಡಿ ಸಂಜೆ ಬರುವ ನಡುವಯಸ್ಸಿನವರ ಕೈಗೆ ಹೊಂದಲಿ ಅಂತ. ನನ್ನ ಮೊದಲನೇ ಬಾಲ್ ತಪ್ಪಿದ್ದು ಅಲ್ಲೇ.

ಈಗ ನೆಟ್. ಇದು ಈ ಸೆಟ್ಟಿನ ದುರ್ಬಲ ಭಾಗ. ಉದ್ದ ಒಂಬತ್ತೂವರೆ ಮೀಟರ್, ಅಗಲ ಒಂದು ಮೀಟರ್, ಕಣ್ಣು ಹತ್ತು ಸೆಂಟಿಮೀಟರ್. ಅಳತೆ ಸರಿ ಇದೆ. ಮೇಲಿನ ಬಿಳಿ ಪಟ್ಟಿಯೊಳಗೆ ಹಾಕಿದ್ದು ನೈಲಾನ್ ಹಗ್ಗ. ಅದು ಬಿಸಿಲಿಗೆ ಸಡಿಲವಾಗುತ್ತದೆ, ನಡುವೆ ನೆಟ್ ಜೋಲುತ್ತದೆ. ಐದು ತಿಂಗಳ ನಂತರ ಟೈಲರ್ ಅಣ್ಣ ಪಟ್ಟಿ ಬಿಚ್ಚಿ ಸ್ಟೀಲ್ ತಂತಿ ಹಾಕಿ ಮತ್ತೆ ಹೊಲಿದುಕೊಟ್ಟರು. ಅವತ್ತಿಂದ ಸರಿಯಾಗಿದೆ. ಕೊಳ್ಳುವವರು ಮೊದಲೇ ತಂತಿ ಇರುವುದನ್ನು ಕೇಳಿ. ಗಂಡಸರ ಆಟಕ್ಕೆ ನೆಟ್ಟಿನ ಎತ್ತರ 2.43 ಮೀಟರ್, ಹೆಂಗಸರಿಗೆ 2.24. ಎಲ್ಲರೂ ಕೂಡಿ ಆಡುವುದರಿಂದ ನಾವು 2.24ಕ್ಕೆ ಕಟ್ಟುತ್ತೇವೆ. ಅಷ್ಟೇ ಉದ್ದದ ಒಂದು ಬಿದಿರು ಕೋಲು ಇಟ್ಟಿದ್ದೇವೆ. ಆಟಕ್ಕೆ ಮುಂಚೆ ನಡುವೆ ನಿಲ್ಲಿಸಿ ನೋಡುತ್ತೇವೆ. ಎತ್ತರ ಅಳೆಯಬೇಕಾದದ್ದು ಕಂಬದ ಹತ್ತಿರ ಅಲ್ಲ, ನಟ್ಟನಡುವೆ.

ಶುರುವಿನಲ್ಲಿ ಹೆಂಗಸರು ಅಂದರೆ ನಾನು, ನರ್ಸ್, ನನ್ನ ಮಗಳು ಮೂವರೇ. ಉಳಿದವರು ಮಕ್ಕಳನ್ನು ಕರೆದುಕೊಂಡು ಬಂದು ಬದಿಯಲ್ಲಿ ನಿಲ್ಲುತ್ತಿದ್ದರು. ಬನ್ನಿ ಅಂದರೆ "ನಮಗೆಲ್ಲಿ ಬರುತ್ತೆ ಅಕ್ಕ" ಅನ್ನುತ್ತಿದ್ದರು. ನಾನು ಒಂದು ಕೆಲಸ ಮಾಡಿದೆ. ಆಟ ಶುರುವಾಗುವ ಅರ್ಧ ಗಂಟೆ ಮುಂಚೆ ಬಾಲ್ ತಂದು ಅವರ ಕೈಗೆ ಕೊಟ್ಟೆ. ನೋಡುವವರು ಯಾರೂ ಇಲ್ಲದಾಗ ಕಲಿಯುವುದು ಸುಲಭ ಅಲ್ವಾ? ಒಂದು ತಿಂಗಳಲ್ಲಿ ಐದು ಜನ ಅಂಡರ್‌ಹ್ಯಾಂಡ್ ಸರ್ವಿಸ್ ಕಲಿತರು. ವಾಲಿಬಾಲ್ 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಬಂದಾಗ ಗಂಡಸರಿಗೂ ಹೆಂಗಸರಿಗೂ ಒಂದೇ ಸಲ ಬಂತು. ಆ ವರ್ಷ ಚಿನ್ನ ಗೆದ್ದ ಜಪಾನ್ ಹೆಂಗಸರ ತಂಡದಲ್ಲಿ ಹೆಚ್ಚಿನವರು ಒಂದು ಬಟ್ಟೆ ಗಿರಣಿಯ ಕೆಲಸಗಾರರು. ಹಗಲು ಕೆಲಸ ಮುಗಿಸಿ ರಾತ್ರಿ ತನಕ ಅಭ್ಯಾಸ ಮಾಡುತ್ತಿದ್ದರು. ಕೊನೆಯ ಪಂದ್ಯದಲ್ಲಿ ಸೋವಿಯತ್ ಒಕ್ಕೂಟವನ್ನು 3–0 ಅಂತರದಲ್ಲಿ ಸೋಲಿಸಿದರು. ಇದನ್ನು ಬದಿಯಲ್ಲಿ ನಿಂತಿದ್ದವರಿಗೆ ಹೇಳಿದಾಗ ಒಬ್ಬರು ಕೇಳಿದ ಮೊದಲ ಪ್ರಶ್ನೆ: "ಅಷ್ಟು ಹೊತ್ತು ಅವರ ಮನೆ ಕೆಲಸ ಯಾರು ಮಾಡ್ತಿದ್ರು?" ಆ ಪ್ರಶ್ನೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಹೆಂಗಸರು ಆಡುವುದಿಲ್ಲ ಅಂದರೆ ಅವರಿಗೆ ಆಸೆ ಇಲ್ಲ ಅಂತಲ್ಲ, ಆ ಒಂದು ಗಂಟೆಯನ್ನು ಅವರಿಗೆ ಬಿಟ್ಟುಕೊಡುವವರು ಇಲ್ಲ ಅಂತ. ನಮ್ಮಲ್ಲಿ ಈಗ ವಾರಕ್ಕೆ ಮೂರು ದಿನ ಮೊದಲ ಗೇಮು ಅವರದು. ಆಗ ಮಕ್ಕಳನ್ನು ನೋಡಿಕೊಳ್ಳುವುದು ಗಂಡಸರ ಕೆಲಸ.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಎಂಟನೇ ತಿಂಗಳಲ್ಲಿ ಒಂದು ಒಡಕು ಬಂತು. ಚೆನ್ನಾಗಿ ಆಡುವ ಆರು ಹುಡುಗರು ತಾವೇ ಒಂದು ತಂಡ ಮಾಡಿಕೊಂಡರು, ಉಳಿದವರು ಎದುರಿಗೆ ನಿಲ್ಲಲಿ ಅಂದರು. ಇಪ್ಪತ್ತೈದಕ್ಕೆ ಆರು, ಇಪ್ಪತ್ತೈದಕ್ಕೆ ಒಂಬತ್ತು ಅಂತ ಗೆಲ್ಲತೊಡಗಿದರು. ಬಾಲ್ ಬಿಟ್ಟವರನ್ನು ಬೈಯುವುದು ಶುರುವಾಯಿತು. ಎರಡು ವಾರದಲ್ಲಿ ಹದಿನಾಲ್ಕು ಜನ ಎಂಟಾದರು. ನರ್ಸ್ ಬರುವುದು ನಿಲ್ಲಿಸಿದರು. ಆಟ ಜನರನ್ನು ಒಂದು ಮಾಡುತ್ತದೆ ಅಂತ ಹೇಳುವಾಗ ನಾವು ಇದನ್ನು ಮರೆಯಬಾರದು. ಜನರನ್ನು ಹೊರಗೆ ಹಾಕಲೂ ಆಟಕ್ಕೆ ಬರುತ್ತದೆ, ಅದೂ ಬಹಳ ಬೇಗ.

ಪೋಸ್ಟ್‌ಮನ್ ಮಾವ ಒಂದು ಸಂಜೆ ಎಲ್ಲರನ್ನೂ ನಿಲ್ಲಿಸಿ ಮಾತಾಡಿದರು. ಬೈಯಲಿಲ್ಲ. "ರೊಟೇಷನ್ ಯಾಕೆ ಇಟ್ಟಿದ್ದಾರೆ ಹೇಳಿ ನೋಡೋಣ" ಅಂತ ಕೇಳಿದರು. ಎದುರಾಳಿಯಿಂದ ಸರ್ವಿಸ್ ಗೆದ್ದಾಗಲೆಲ್ಲ ಆರೂ ಜನ ಗಡಿಯಾರದ ಮುಳ್ಳಿನಂತೆ ಒಂದೊಂದು ಜಾಗ ಸರಿಯಬೇಕು. ಹಿಂದಿನವರು ಮುಂದೆ ಬರುತ್ತಾರೆ, ಮುಂದಿನವರು ಹಿಂದೆ ಹೋಗುತ್ತಾರೆ, ಎಲ್ಲರಿಗೂ ಸರ್ವಿಸ್ ಸಿಗುತ್ತದೆ. "ಬರದವರನ್ನು ಮೂಲೆಯಲ್ಲಿ ನಿಲ್ಲಿಸಿ ಆಡೋದಕ್ಕೆ ಆಗಬಾರದು ಅಂತಲೇ ಇದು ಇರೋದು ಕಣ್ರಪ್ಪ" ಅಂದರು. ಅವತ್ತಿಂದ ತಂಡ ಮಾಡುವುದು ಚೀಟಿ ಎತ್ತಿ. ಬೈದವರು ಒಂದು ಗೇಮು ಹೊರಗೆ. ನರ್ಸ್ ಮನೆಗೆ ಆ ಆರು ಹುಡುಗರೇ ಹೋಗಿ ಕರೆದುಕೊಂಡು ಬಂದರು.

ಈಗ ನಾನು ಹೆಚ್ಚು ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ.

ನಮ್ಮ ಸ್ಕೋರ್ ಬರೆಯುವವನು ಇಪ್ಪತ್ತಮೂರು ವರ್ಷದ ಹುಡುಗ. ಅಪಘಾತದಲ್ಲಿ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಗಿದೆ. ಊರುಗೋಲು ಹಿಡಿದು ಬಂದು ಕಲ್ಲಿನ ಮೇಲೆ ಕೂತು ಸ್ಕೋರ್ ಬರೆಯುತ್ತಿದ್ದ. ಬಾಲ್ ಹತ್ತಿರ ಉರುಳಿ ಬಂದರೆ ಕೂತಲ್ಲಿಂದಲೇ ಒಂದೇ ಕೈಯಲ್ಲಿ ಹೊಡೆದು ಕಳಿಸುತ್ತಿದ್ದ. ಆ ಹೊಡೆತ ನೋಡಿ ನನಗೆ ಅನ್ನಿಸಿತು, ಇವನು ಯಾಕೆ ಬರೀ ಬರೆಯುತ್ತ ಕೂರಬೇಕು? ಕೂತು ಆಡುವ ವಾಲಿಬಾಲ್ ಅಂತ ಒಂದು ಇದೆ. 1950ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದದ್ದು. 1980ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಇದೆ, ಹೆಂಗಸರಿಗೆ 2004ರಿಂದ. ಅಂಕಣ ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ. ನೆಟ್ಟಿನ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಬಾಲ್ ಮುಟ್ಟುವಾಗ ಕುಂಡಿ ನೆಲ ಬಿಟ್ಟು ಏಳಬಾರದು. ನಿಂತು ಆಡುವಾಗ ಸರ್ವಿಸನ್ನು ಬ್ಲಾಕ್ ಮಾಡುವಂತಿಲ್ಲ, ಇಲ್ಲಿ ಮಾಡಬಹುದು.

ಒಂದು ಭಾನುವಾರ ನೆಟ್ ಇಳಿಸಿ ಕಟ್ಟಿದೆವು. ಕಲ್ಲು ಆರಿಸಿ ತೆಗೆದು ಹಳೇ ಟಾರ್ಪಾಲಿನ್ ಹಾಸಿದೆವು. ಎಲ್ಲರೂ ಕೂತೆವು. ಮೊದಲ ಐದು ನಿಮಿಷದಲ್ಲೇ ನಮಗೆ ಗೊತ್ತಾಯಿತು, ಕಾಲು ಇಲ್ಲದೆ ಜಾಗ ಬದಲಿಸುವುದು ಎಷ್ಟು ಕಷ್ಟ ಅಂತ. ಕೈ ಊರಿ ಸರಿಯಬೇಕು, ಅದೇ ಕೈ ಎತ್ತಿ ಬಾಲ್ ಹೊಡೆಯಬೇಕು. ನಮಗೆ ಬಾಲ್ ಮುಟ್ಟಲೂ ಆಗುತ್ತಿರಲಿಲ್ಲ. ಅವನು ಅಂಕಣ ತುಂಬ ಓಡಾಡುತ್ತಿದ್ದ. ಬೇರೆ ಪದ ನನಗೆ ಸಿಗುತ್ತಿಲ್ಲ, ಓಡಾಡುತ್ತಲೇ ಇದ್ದ. ಆ ದಿನ ಸ್ಕೋರ್ ಬರೆದದ್ದು ನನ್ನ ಮಗಳು. ಅವನ ತಂಡ ಗೆದ್ದಿತು. ಅವನ ತಾಯಿ ಬದಿಯಲ್ಲಿ ನಿಂತು ನೋಡುತ್ತಿದ್ದರು. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಎರಡು ವರ್ಷ ಆಯ್ತು, ಇವನು ಇಷ್ಟು ಜೋರಾಗಿ ಕೂಗಿದ್ದು ಕೇಳಿ" ಅಂದರು. ಈಗ ಪ್ರತಿ ಭಾನುವಾರ ಕೂತು ಆಡುತ್ತೇವೆ. ಮಂಡಿನೋವಿನಿಂದ ನಿಂತು ಆಡುವುದು ಬಿಟ್ಟ ಇಬ್ಬರು ಅದಕ್ಕೆಂದೇ ಬರುತ್ತಾರೆ. ಬಾಲ್ ಅದೇ. ಬೇರೆ ಏನೂ ಕೊಳ್ಳಬೇಕಾಗಿರಲಿಲ್ಲ.

ಆರೋಗ್ಯದ ಬಗ್ಗೆ ಕೇಳುವವರಿಗೆ ಎರಡು ಮಾತು. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ದೈಹಿಕ ಚಟುವಟಿಕೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರ ಲೆಕ್ಕದಂತೆ ಜಗತ್ತಿನ ದೊಡ್ಡವರಲ್ಲಿ 31 ಶೇಕಡಾ ಜನ ಅಷ್ಟೂ ಮಾಡುತ್ತಿಲ್ಲ. ನಾನೂ ಅವರಲ್ಲಿ ಒಬ್ಬಳಾಗಿದ್ದೆ. ನಡೆಯಲು ಹೋಗಿ ಮೂರು ಸಲ ಬಿಟ್ಟಿದ್ದೆ. ವಾಲಿಬಾಲ್ ಬಿಡಲಿಲ್ಲ, ಏಕೆಂದರೆ ನಾನು ಹೋಗದಿದ್ದರೆ ನನ್ನ ತಂಡದಲ್ಲಿ ಐದೇ ಜನ ಆಗುತ್ತಾರೆ, ಲಿಫ್ಟ್ ಹಾಕುವವರು ಇರುವುದಿಲ್ಲ. ನನಗಾಗಿ ಏಳದ ನಾನು ಅವರಿಗಾಗಿ ಎದ್ದು ಹೋದೆ. ಈಗ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಿಲ್ಲ. ರಾತ್ರಿ ಹಾಸಿಗೆಗೆ ತಲೆ ಕೊಟ್ಟರೆ ನಿದ್ದೆ.

ಏಟೂ ಬಿದ್ದಿದೆ. ವಾಲಿಬಾಲ್‌ನಲ್ಲಿ ಜಾಸ್ತಿ ಆಗುವುದು ಕಾಲಿನ ಗಿಣ್ಣು ಉಳುಕುವುದು. ನೆಟ್ಟಿನ ಹತ್ತಿರ ಹಾರಿ ಇಳಿಯುವಾಗ ಎದುರಿನವರ ಪಾದದ ಮೇಲೆ ಕಾಲಿಟ್ಟರೆ ಮುಗಿಯಿತು. ವಾಚ್‌ಮನ್ ಅಣ್ಣನಿಗೆ ಹಾಗೇ ಆಯಿತು, ಮೂರು ವಾರ ಕುಂಟಿದರು. ಅವರದು ನಿಂತು ಮಾಡುವ ಕೆಲಸ. ಆ ಮೂರು ವಾರ ಹುಡುಗರು ಸರದಿಯಲ್ಲಿ ಅವರ ಜೊತೆ ಹೋಗಿ ಗೇಟು ತೆಗೆದು ಹಾಕಿದರು. ಆಟಕ್ಕೆ ಮುಂಚೆ ಉಂಗುರ ತೆಗೆದಿಡಿ, ಉಗುರು ಕತ್ತರಿಸಿರಿ. ಹತ್ತು ನಿಮಿಷ ಮೈ ಬಿಸಿ ಮಾಡದೆ ಹಾರಬೇಡಿ.

ಬಾಲಿನ ಕೊರತೆ ಹೇಳದೆ ವಿಮರ್ಶೆ ಮುಗಿಸುವುದು ಸರಿಯಲ್ಲ. ಇದು ಒಳಾಂಗಣಕ್ಕೆ ಮಾಡಿದ ಬಾಲ್. ನಾವು ಆಡುವುದು ಜಲ್ಲಿ ಮಿಶ್ರಿತ ಮಣ್ಣಿನ ಮೇಲೆ. ಹತ್ತನೇ ತಿಂಗಳಿಗೆ ಮೇಲಿನ ಪದರ ಅಲ್ಲಲ್ಲಿ ಸಿಪ್ಪೆ ಎದ್ದಿತು. ಮಳೆಯಲ್ಲಿ ನೆನೆದರೆ ನೀರು ಹೀರುತ್ತದೆ. ಒಮ್ಮೆ ನೆನೆದ ಬಾಲನ್ನು ತೂಗಿದಾಗ 296 ಗ್ರಾಂ ಇತ್ತು. ನೆರಳಲ್ಲಿ ಎರಡು ದಿನ ಒಣಗಿಸಿದ ಮೇಲೆ ಮೊದಲಿನ ತೂಕಕ್ಕೆ ಬಂತು. ಬಿಸಿಲಿಗೆ ಒಣಗಲು ಇಡಬೇಡಿ, ಅಂಟು ಬಿಡುತ್ತದೆ. ಬಾಲ್ ಮೇಲೆ ಕೂರಲು ಬಿಡಬೇಡಿ, ಒಮ್ಮೆ ಮೊಟ್ಟೆಯಾಕಾರ ಆದರೆ ಮತ್ತೆ ಗುಂಡಗಾಗುವುದಿಲ್ಲ. ಬಣ್ಣ ಮಾಸಿದೆ, ಅದು ದೊಡ್ಡ ವಿಷಯವಲ್ಲ. ಎರಡನೇ ವರ್ಷದ ಕೊನೆಗೆ ವಾಲ್ವ್ ಸೋರತೊಡಗಿತು. ಈಗ ದಿನಾ ಗಾಳಿ ತುಂಬಬೇಕು.

ಬರೀ ಮಣ್ಣಿನಲ್ಲಿ ಆಡುವವರು ಹೊರಾಂಗಣಕ್ಕೆಂದೇ ಮಾಡಿದ ಬಾಲ್ ತೆಗೆದುಕೊಳ್ಳಿ. ಅದು ಬಾಳಿಕೆ ಬರುತ್ತದೆ, ಆದರೆ ಬೆರಳಿಗೆ ಇಷ್ಟು ಹಿತವಾಗಿ ಬರುವುದಿಲ್ಲ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಇದು ಬೇಡ, ಅವರಿಗೆ ಹಗುರದ್ದು ಸಿಗುತ್ತದೆ. ನಾನು ಮಾತ್ರ ಮತ್ತೆ ಇದನ್ನೇ ಕೊಳ್ಳುತ್ತೇನೆ. ಕೊಂಡೂ ಆಯಿತು.

ಹೊಸದು ಮೊನ್ನೆ ಬಂತು. ಈ ಸಲ ಹದಿನೆಂಟು ಮನೆಯವರು ಸೇರಿ ತರಿಸಿದ್ದು. ಮಗಳು ಈಗ ಹನ್ನೊಂದನೇ ಕ್ಲಾಸು, ಕಾಲೇಜು ತಂಡದಲ್ಲಿ ಮುಂದಿನ ಸಾಲಿನಲ್ಲಿ ಆಡುತ್ತಾಳೆ. ಅವಳೇ ತಕ್ಕಡಿ ಮೇಲಿಟ್ಟು ತೂಗಿದಳು, 272 ಗ್ರಾಂ. ಸೂಜಿ ನೀರಲ್ಲಿ ಅದ್ದಿ ಗಾಳಿ ತುಂಬಿದಳು. ಭಾನುವಾರ ನೆಟ್ ಇಳಿಸಿ ಕಟ್ಟಿ, ಟಾರ್ಪಾಲಿನ್ ಹಾಸಿ ಎಲ್ಲರೂ ಕೂತ ಮೇಲೆ ಹೊಸ ಬಾಲನ್ನು ಸ್ಕೋರ್ ಬರೆಯುತ್ತಿದ್ದ ಹುಡುಗನ ಕೈಗೆ ಕೊಟ್ಟಳು. "ಮೊದಲ ಸರ್ವಿಸ್ ನಿಂದೇ ಅಣ್ಣ" ಅಂದಳು. ಅವನು ಬಾಲನ್ನು ಒಮ್ಮೆ ತಿರುಗಿಸಿ ನೋಡಿದ, ಹೆಬ್ಬೆರಳಿಂದ ಒತ್ತಿದ, "ಇನ್ನೊಂದು ಪಂಪ್ ಬೇಕು" ಅಂತ ವಾಪಸ್ ಕೊಟ್ಟ.